ಅಮೆರಿಕದಲ್ಲಿ ಸಣ್ಣ ಪಿಕಪ್ ಏಕೆ ಸಿಗುವುದಿಲ್ಲ?

ಗೊಬ್ಬರದ ಮೂಟೆ, ಅಡಿಕೆಯ ಚೀಲ ಸಾಗಿಸಲು ಸಣ್ಣ ಬೆಳೆಗಾರನಿಗೆ ಸಣ್ಣ ಗಾಡಿಯೇ ಸಾಕೆಂಬುದು ಸದಸ್ಯ ಬಾಂಧವರಿಗೆಲ್ಲ ತಿಳಿದದ್ದೇ. ಆದರೆ ಮೋಟಾರು ತಯಾರಿಕೆಗೆ ಹೆಸರಾದ ಅಮೆರಿಕದಲ್ಲಿ ಸಣ್ಣ ಪಿಕಪ್ ಅಪರೂಪವಾಗಿದೆ. ಇದರ ಮೂಲ ಹುಡುಕುತ್ತಾ ಹೋದರೆ ನಾವು ತಲುಪುವುದು ಕೋಳಿ ವ್ಯಾಪಾರಕ್ಕೆ!

ಕೋಳಿಯ ಜಗಳ

1960ರ ಸುಮಾರಿಗೆ ಅಮೆರಿಕದ ಅಗ್ಗದ ಕೋಳಿಮಾಂಸ ಪಶ್ಚಿಮ ಜರ್ಮನಿಯ ಪೇಟೆಗೆ ನುಗ್ಗಿತು. ಅಲ್ಲಿನ ರೈತರ ರಕ್ಷಣೆಗಾಗಿ ಯೂರೋಪಿನ ಸಾಮಾನ್ಯ ಮಾರುಕಟ್ಟೆಯ ರಾಷ್ಟ್ರಗಳು 1962ರಲ್ಲಿ ಆಮದು ಸುಂಕ ಏರಿಸಿದವು. ಇದಕ್ಕೆ ಪ್ರತಿಯಾಗಿ ಅಧ್ಯಕ್ಷ ಲಿಂಡನ್ ಜಾನ್ಸನ್ 1963ರ ಡಿಸೆಂಬರಿನಲ್ಲಿ ಆಲೂಗೆಡ್ಡೆ ಪಿಷ್ಟ, ಡೆಕ್ಸ್‌ಟ್ರಿನ್, ಬ್ರಾಂದಿ ಹಾಗೂ ಹಗುರ ಟ್ರಕ್ಕುಗಳ ಮೇಲೆ ಹೆಚ್ಚಿನ ಸುಂಕ ಹೇರಿದರು. ಟ್ರಕ್ಕಿನ ಸುಂಕ ಶೇಕಡಾ 25. ಗುರಿಯಿದ್ದದ್ದು ಜರ್ಮನಿಯ ಫೋಕ್ಸ್‌ವ್ಯಾಗನ್ ಗಾಡಿಗಳ ಮೇಲೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದಂತಾಯಿತು. ಉಳಿದ ಮೂರು ಪದಾರ್ಥಗಳ ಸುಂಕ ಕಾಲಕ್ರಮೇಣ ಇಳಿಯಿತು. ಟ್ರಕ್ಕಿನದು ಮಾತ್ರ ಉಳಿದುಕೊಂಡಿತು.

1970ರ ದಶಕದಲ್ಲಿ ಜಪಾನಿನ ಗಾಡಿಗಳು ಇದಕ್ಕೊಂದು ದಾರಿ ಕಂಡುಕೊಂಡವು. ಹಿಂದಿನ ತೊಟ್ಟಿಯಿಲ್ಲದೆ ಚಾಸಿಯನ್ನಷ್ಟೇ ತಂದರೆ ಸುಂಕ ಶೇಕಡಾ 4 ಮಾತ್ರ. ತೊಟ್ಟಿಯನ್ನು ಅಮೆರಿಕದಲ್ಲಿ ಕೂರಿಸಿದರಾಯಿತು! 1980ರಲ್ಲಿ ಈ ದಾರಿಯೂ ಮುಚ್ಚಿತು. ನಿಸಾನ್ 1983ರಲ್ಲಿ ಟೆನೆಸಿಯ ಕಾರ್ಖಾನೆಯಲ್ಲೇ ಪಿಕಪ್ ತಯಾರಿಸತೊಡಗಿತು. ಇದರಿಂದ ಸ್ಥಳೀಯರಿಗೆ ಕೆಲಸ ಸಿಕ್ಕಿತೆಂಬುದನ್ನೂ ಒಪ್ಪಬೇಕು. ಆದರೆ ಹೊರಗಿನ ಪೈಪೋಟಿ ಕುಗ್ಗಿದ ಮೇಲೆ, ಕಡಿಮೆ ಲಾಭದ ಸಣ್ಣ ಗಾಡಿ ತಯಾರಿಸುವ ಉತ್ಸಾಹವೂ ಕುಗ್ಗಿತು.

ಇಂಧನದ ನಿಯಮ

ಎರಡನೆಯ ಕಾರಣ ಇಂಧನ ಉಳಿತಾಯದ ಕಾನೂನು. ಇದು ಬಂದದ್ದು 1975ರಲ್ಲಿ. ಮುಂದೆ ನಿಯಮ ಬದಲಾಗಿ, 2011ರ ಮಾದರಿಗಳಿಂದ ನಾಲ್ಕು ಚಕ್ರಗಳ ನಡುವಿನ ವಿಸ್ತೀರ್ಣವನ್ನು ಅಳೆದು ಮೈಲೇಜಿನ ಗುರಿ ಗೊತ್ತುಪಡಿಸಲಾಯಿತು. ವಿಸ್ತೀರ್ಣ ಹೆಚ್ಚಿದಷ್ಟೂ ಗುರಿ ಸಡಿಲ. ಹಾಗಾಗಿ ಸಣ್ಣ ಪಿಕಪ್ಪಿಗೇ ಬಿಗಿಯಾದ ಗುರಿ ಬಿತ್ತು. ಇಂಧನ ಉಳಿಸಲೆಂದು ಮಾಡಿದ ಕಾನೂನು ಗಾಡಿ ದೊಡ್ಡದಾಗುವುದಕ್ಕೆ ಅನುಕೂಲ ಮಾಡಿಕೊಟ್ಟಿತು! ಈ ನಿಯಮ ಮುರಿದವರಿಗಿದ್ದ ದಂಡವನ್ನು 2025ರಲ್ಲಿ ಸೊನ್ನೆಗೆ ಇಳಿಸಲಾಯಿತು.

ಮನೆಮಂದಿಯೆಲ್ಲ ಕೂರುವಂಥ ಜೋಡಿ ಕ್ಯಾಬಿನ್ನಿನ ಗಾಡಿ ಬೇಕೆನ್ನುವ ಗಿರಾಕಿಗಳೂ ಹೆಚ್ಚಿದರು. ಫೋರ್ಡ್ ಕಂಪನಿಯ ರೇಂಜರ್ 2011ರಲ್ಲಿ ಅಲ್ಲಿ ನಿಂತುಹೋಯಿತು. 2019ರಲ್ಲಿ ಮರಳಿದಾಗ ಮೈ ಬೆಳೆಸಿಕೊಂಡಿತ್ತು.

ಹಾಗೆಂದು ಬೇಡಿಕೆ ಸತ್ತಿಲ್ಲ. ಮೆಕ್ಸಿಕೊದಲ್ಲಿ ತಯಾರಾಗುವ ಫೋರ್ಡ್ ಮ್ಯಾವರಿಕ್ 2021ರಲ್ಲಿ ಬಂದಾಗ ಮುಂಗಡ ನೋಂದಣಿ ಎಷ್ಟಾಯಿತೆಂದರೆ, 2022ರ ಜನವರಿಯಲ್ಲಿ ಅದನ್ನು ನಿಲ್ಲಿಸಬೇಕಾಯಿತು. ಸಣ್ಣದೆನಿಸಿಕೊಂಡ ಇದರ ಉದ್ದವೂ 5 ಮೀಟರಿಗೆ ಮೇಲೆ! ಇನ್ನೂ ಸಣ್ಣದು ಬೇಕೆನ್ನುವ ಕೆಲವು ರೈತರು ಜಪಾನಿನಿಂದ 25 ವರ್ಷ ಹಳೆಯ ಪುಟ್ಟ ಟ್ರಕ್ಕುಗಳನ್ನು ತರಿಸಿಕೊಳ್ಳುತ್ತಾರೆ. ಅಷ್ಟು ಹಳೆಯ ವಾಹನಗಳಿಗೆ ಅಲ್ಲಿನ ಸುರಕ್ಷತಾ ನಿಯಮಗಳಿಂದ ವಿನಾಯಿತಿಯಿದೆ.

ನಾವು ಗಮನಿಸಬೇಕಾದದ್ದು

ಆಮದು ಸುಂಕವೇ ಕೆಟ್ಟದ್ದೆಂದು ನಾವು ಹೇಳುತ್ತಿಲ್ಲ. ಹೊರಗಿನ ಅಡಿಕೆಯಿಂದ ರಕ್ಷಣೆ ಬೇಕೆಂದು ಕೇಳುವವರು ನಾವೇ. ಆದರೆ ಸುಂಕ ಯಾರಿಗಾಗಿ ಬಂತು, ಅದರ ಕೆಲಸ ಮುಗಿಯಿತೇ, ಈಗ ಅದರ ಭಾರ ಹೊರುವವರು ಯಾರು ಎಂದು ಆಗಾಗ ಲೆಕ್ಕ ನೋಡದಿದ್ದರೆ ಹೀಗಾಗುತ್ತದೆ. ಕೋಳಿಯ ಜಗಳ ಮುಗಿದು 60 ವರ್ಷವಾದರೂ, ಅದರ ದಂಡವನ್ನು ಇಂದಿಗೂ ತೆರುತ್ತಿರುವವನು ಸಣ್ಣ ಗಾಡಿ ಹುಡುಕುವ ಸಣ್ಣ ರೈತ.