ಅಗ್ಗದ ಅಂಗಡಿ: ನಂಬುವ ಮುನ್ನ

ನಮ್ಮ ಅಣ್ಣನವರ ಮಗಳ ವಿವಾಹವು ಹುಬ್ಬಳ್ಳಿಯಲ್ಲಿ ನೆರವೇರಿದಾಗ ಮನೆಯವರೆಲ್ಲ ತಂತಮ್ಮ ಮೊಬೈಲುಗಳಲ್ಲಿ ಸೆರೆಹಿಡಿದ ದೃಶ್ಯಗಳನ್ನು ಒಂದೆಡೆ ಸಂಗ್ರಹಿಸುವ ಹೊಣೆಯನ್ನು ಮದುಮಗಳ ತಮ್ಮನು ವಹಿಸಿಕೊಂಡನು. ಜಾಲತಾಣವೊಂದರಲ್ಲಿ ಎರಡು ಟೆರಾಬೈಟ್ ಪೆನ್‌ಡ್ರೈವ್ ಕೇವಲ 499 ರೂಪಾಯಿಗೆ ದೊರೆಯುತ್ತಿತ್ತು. ತರಿಸಿಕೊಂಡ, ಎಲ್ಲವನ್ನೂ ಅದರೊಳಗೆ ತುಂಬಿದ, ಮೊಬೈಲುಗಳನ್ನು ಖಾಲಿ ಮಾಡಿದ. ಶ್ರಾವಣದಲ್ಲಿ ಅವ್ವ ನಮ್ಮನ್ನಗಲಿದರು. ಸುರಗಿಯ ದಿನ ಅವರು ಹಾಡಿದ್ದನ್ನು ಮತ್ತೊಮ್ಮೆ ಕೇಳೋಣವೆಂದು ಕುಳಿತಾಗ ಹುಡುಗನ ಮುಖ ಬಾಡಿತು. “ಕಾಕಾ, ಹೆಸರು ಕಾಣಸ್ತಾವ, ಒಂದೂ ತೆರಿಯವಲ್ದು” ಎಂದ.

ಇಂತಹ ಪೆನ್‌ಡ್ರೈವಿನ ಒಳಗುಟ್ಟು ಸರಳವಾದುದು. ಒಳಗಿರುವ ನೆನಪಿನ ಚಿಪ್ಪು 32 ಜಿಬಿಯದೋ 64 ಜಿಬಿಯದೋ ಆಗಿರುತ್ತದೆ. ಅದನ್ನು ನಿಯಂತ್ರಿಸುವ ಪುಟ್ಟ ಚಿಪ್ಪಿಗೆ ಮಾತ್ರ ಸುಳ್ಳು ಹೇಳುವುದನ್ನು ಕಲಿಸಿರುತ್ತಾರೆ. ಕಂಪ್ಯೂಟರು ಕೇಳಿದರೆ “ನನ್ನಲ್ಲಿ ಎರಡು ಟೆರಾಬೈಟ್ ಸ್ಥಳವಿದೆ” ಎನ್ನುತ್ತದೆ. ನಿಜವಾದ ಸ್ಥಳ ತುಂಬಿದ ಬಳಿಕ ಬಂದದ್ದು ಹಳೆಯದರ ಮೇಲೆ ಬರೆಯಲ್ಪಡುತ್ತದೆ, ಇಲ್ಲವೇ ಎಲ್ಲಿಯೂ ಉಳಿಯುವುದಿಲ್ಲ. ಕಡತಗಳ ಹೆಸರಿನ ಪಟ್ಟಿ ಮಾತ್ರ ಅಚ್ಚುಕಟ್ಟಾಗಿರುತ್ತದೆ! ಹೆಸರಾಂತ ಕಂಪನಿಗಳು ಹಲವು ಸಾವಿರ ರೂಪಾಯಿಗೆ ಮಾರುವ ವಸ್ತುವನ್ನು ಒಬ್ಬನು ಐನೂರಕ್ಕೆ ಕೊಡುವನೆಂದರೆ ಅದನ್ನು ರಿಯಾಯಿತಿಯೆಂದು ತಿಳಿಯಲಾಗದು.

ಪವರ್‌ಬ್ಯಾಂಕಿನ ವಿಷಯದಲ್ಲಿ ತಕ್ಕಡಿಯೇ ಸಾಕ್ಷಿ. ಅದರಲ್ಲಿ ಸಾಮಾನ್ಯವಾಗಿ ಬಳಸುವ ಉರುಟಾದ ಲಿಥಿಯಂ ಕೋಶ ಒಂದೊಂದೂ ಸುಮಾರು 45 ಗ್ರಾಂ ತೂಗುತ್ತದೆ. ಉತ್ತಮವಾದುದೂ 3500 ಎಂಎಎಚ್‌ನ ಆಸುಪಾಸಿನಲ್ಲಿಯೇ ನಿಲ್ಲುತ್ತದೆ. ಎಂದಮೇಲೆ 20000 ಎಂಎಎಚ್‌ಗೆ ಕನಿಷ್ಠ ಆರು ಕೋಶಗಳು ಬೇಕು, ಅವುಗಳ ತೂಕವೇ ಕಾಲು ಕಿಲೋ ಮೀರುತ್ತದೆ. ಒಟ್ಟು ತೂಕವೇ 150 ಗ್ರಾಂ ಎಂದು ಬರೆದುಕೊಂಡವನು ತನ್ನ ಸುಳ್ಳನ್ನು ತಾನೇ ಮುದ್ರಿಸಿಕೊಂಡಂತಾಯಿತು. ಇಲ್ಲಿ ಹಣಕ್ಕಿಂತ ಮಿಗಿಲಾಗಿ ಬೆಂಕಿಯ ಭಯವಿದೆ. ಆದುದರಿಂದಲೇ ಪವರ್‌ಬ್ಯಾಂಕು, ಮೊಬೈಲ್ ಚಾರ್ಜರುಗಳಿಗೆ ಭಾರತೀಯ ಮಾನಕ ಬ್ಯೂರೋದ ನೋಂದಣಿ ಕಡ್ಡಾಯವಾಗಿದೆ. ವಸ್ತುವಿನ ಮೇಲೆ ‘ಆರ್’ ಅಕ್ಷರದಿಂದ ಆರಂಭವಾಗುವ ಸಂಖ್ಯೆಯಿರಬೇಕು. ಬ್ಯೂರೋದ ‘ಬಿಐಎಸ್ ಕೇರ್’ ಆ್ಯಪಿನಲ್ಲಿ ಅದನ್ನು ಹಾಕಿದರೆ ತಯಾರಕರು ಯಾರೆಂಬುದು ತಿಳಿಯುತ್ತದೆ. ಸಂಖ್ಯೆ ಒಬ್ಬರದು, ಡಬ್ಬಿಯ ಮೇಲಿನ ಹೆಸರು ಇನ್ನೊಬ್ಬರದಾದರೆ ಮುಟ್ಟದಿರುವುದೇ ಲೇಸು.

ಇನ್ನು ಮಾರಾಟಗಾರನ ಮಾತು. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಅಗ್ಗದ ಸಾಮಾನು ಕೊಂಡರೂ ಅಂಗಡಿಯ ಮೆಟ್ಟಿಲು ನೆನಪಿರುತ್ತದೆ. ಮರುದಿನ ಹೋಗಿ ಜಗಳವಾಡಬಹುದು. ಅಂತರ್ಜಾಲದ ಅಂಗಡಿಗೆ ಆ ಮೆಟ್ಟಿಲನ್ನು ನಾವೇ ಹುಡುಕಬೇಕಾಗುತ್ತದೆ. 2020ರಲ್ಲಿ ಜಾರಿಗೆ ಬಂದ ಇ-ವಾಣಿಜ್ಯ ನಿಯಮಗಳಂತೆ ಅಂತಹ ಸಂಸ್ಥೆಯು ತನ್ನ ಕಾನೂನುಬದ್ಧ ಹೆಸರು, ವಿಳಾಸ ಹಾಗೂ ದೂರು ಅಧಿಕಾರಿಯ ವಿವರವನ್ನು ಪ್ರಕಟಿಸಲೇಬೇಕು. ಆ ಅಧಿಕಾರಿಯು ದೂರು ತಲುಪಿದ್ದನ್ನು 48 ಗಂಟೆಗಳೊಳಗೆ ತಿಳಿಸಿ, ಒಂದು ತಿಂಗಳೊಳಗೆ ಪರಿಹರಿಸಬೇಕು. ಬರಿಯ ವಾಟ್ಸ್‌ಆ್ಯಪ್ ಸಂಖ್ಯೆಯೊಂದನ್ನು ಕೊಟ್ಟು ಸುಮ್ಮನಿರುವ ಅಂಗಡಿ ಈ ಮೊದಲ ಪರೀಕ್ಷೆಯಲ್ಲಿಯೇ ಸೋಲುತ್ತದೆ. ಜಿಎಸ್‌ಟಿ ಸಂಖ್ಯೆ ಕೊಟ್ಟಿದ್ದರೆ ಸರ್ಕಾರದ ಜಿಎಸ್‌ಟಿ ಜಾಲತಾಣದಲ್ಲಿ ಪರಿಶೀಲಿಸಬಹುದು. ಅದು ಹದಿನೈದು ಅಕ್ಷರಾಂಕಗಳದು. ಮೊದಲೆರಡು ರಾಜ್ಯದ ಗುರುತು, ನಮ್ಮ ಕರ್ನಾಟಕಕ್ಕೆ 29. ಬೆಂಗಳೂರಿನ ವಿಳಾಸ ಬರೆದು ಬೇರೊಂದು ಅಂಕಿಯಿಂದ ಆರಂಭಿಸಿದ್ದರೆ, ಅಥವಾ ನೋಂದಣಿ ರದ್ದಾಗಿದ್ದರೆ, ಕಾರಣ ಕೇಳಬೇಕು.

ದೊಡ್ಡ ತಾಣದಲ್ಲಿ ಕೊಂಡೆವೆಂದು ನಿಶ್ಚಿಂತರಾಗುವವರೂ ಉಂಟು. ಅಲ್ಲಿಯೂ ಮಾರುವವನು ಬೇರೊಬ್ಬನಿರಬಹುದು; ಬೆಲೆಯ ಹತ್ತಿರ ಸಣ್ಣ ಅಕ್ಷರದಲ್ಲಿ ಅವನ ಹೆಸರಿರುತ್ತದೆ. ಗ್ರಾಹಕರ ಅಭಿಪ್ರಾಯಗಳನ್ನು ಓದುವಾಗ ನಕ್ಷತ್ರಗಳನ್ನು ಎಣಿಸುವುದಕ್ಕಿಂತ ದಿನಾಂಕಗಳನ್ನು ನೋಡುವುದು ಮೇಲು. ಎಲ್ಲವೂ ಒಂದೇ ವಾರದಲ್ಲಿ ಬಂದಿದ್ದರೆ ಸಂಶಯ ಸಹಜ. ಚಾರ್ಜರಿನ ಕೆಳಗೆ “ಸೀರೆಯ ಬಣ್ಣ ಚೆನ್ನಾಗಿದೆ” ಎಂಬ ಹೊಗಳಿಕೆಯನ್ನು ನಾನೇ ಓದಿದ್ದೇನೆ! ಹಳೆಯ ಸರಕಿನ ಪುಟಕ್ಕೆ ಹೊಸ ಸರಕನ್ನು ಅಂಟಿಸಿದರೆ ಹೀಗಾಗುತ್ತದೆ.

ಪೊಟ್ಟಣ ಬಿಚ್ಚುವಾಗ ಮೊದಲಿನಿಂದ ಕೊನೆಯವರೆಗೆ ವಿಡಿಯೋ ತೆಗೆದಿಡುವುದು ಉಪಯುಕ್ತ. ಪೆನ್‌ಡ್ರೈವಾದರೆ ಹಿಂದಿರುಗಿಸುವ ಅವಧಿ ಮುಗಿಯುವ ಮೊದಲೇ ‘ಎಚ್2ಟೆಸ್ಟ್‌ಡಬ್ಲ್ಯು’ ಎಂಬ ಉಚಿತ ಪ್ರೋಗ್ರಾಮಿನಿಂದ ತುಂಬಿಸಿ ಓದಿಸಿ ನೋಡಬೇಕು. ಹಣ ಹಿಂದಿರುಗಿಸುವೆವೆಂದು ಕರೆ ಮಾಡಿ ಯುಪಿಐ ಪಿನ್ ಒತ್ತಿರೆಂದರೆ ಕೂಡಲೇ ಫೋನಿಡಿರಿ. ಹಣ ಪಡೆಯಲು ಪಿನ್ ಬೇಕಿಲ್ಲ. ಖಾತೆಯಿಂದ ಹಣ ಹೋಗಿಯೇಬಿಟ್ಟರೆ ತಡಮಾಡದೆ 1930ಕ್ಕೆ ತಿಳಿಸಬೇಕು. ಕೆಟ್ಟ ಸರಕಿನ ದೂರಿಗೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915. ಅಲ್ಲಿ ಬಗೆಹರಿಯದಿದ್ದರೆ, 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಂತೆ ನಾವು ವಾಸಿಸುವ ಜಿಲ್ಲೆಯ ಆಯೋಗದಲ್ಲಿಯೇ ದೂರು ಸಲ್ಲಿಸಬಹುದು. ಮಾರಿದವನ ಊರಿಗೆ ಅಲೆಯಬೇಕಿಲ್ಲ.

ನಮ್ಮ ಹುಡುಗನು 1915ಕ್ಕೆ ದೂರಿತ್ತನು. ಕೆಲವು ವಾರಗಳ ನಂತರ 499 ರೂಪಾಯಿ ಮರಳಿ ಬಂತು. ಅವ್ವನ ಹಾಡಿಗಾಗಿ ಬೀಗರ ಮನೆಗಳಿಗೆಲ್ಲ ಫೋನು ಮಾಡಿದೆವು. ಗದಗಿನ ಸೋದರತ್ತೆಯವರ ಹಳೆಯ ಮೊಬೈಲಿನಲ್ಲಿ ನಲವತ್ತು ಸೆಕೆಂಡುಗಳ ತುಣುಕೊಂದು ಸಿಕ್ಕಿದೆ. ಅವ್ವನ ಮುಖ ಅದರಲ್ಲಿ ಕಾಣುವುದಿಲ್ಲ. ದನಿ ಮಾತ್ರ ಕೇಳಿಸುತ್ತದೆ.