ಪುಟ್ಟ ಕಂಪ್ಯೂಟರಿಗೆ ಯಾವ ಲಿನಕ್ಸ್?

ಅಂಗೈಯಗಲದ ಒಂದೇ ಬೋರ್ಡಿನಲ್ಲಿ ಇಡೀ ಕಂಪ್ಯೂಟರನ್ನು ಕೂರಿಸಿದ ರಾಸ್ಪ್‌ಬೆರಿ ಪೈ 2012ರಲ್ಲಿ ಮಾರುಕಟ್ಟೆಗೆ ಬಂತು. ಇಂಟರ್ನೆಟ್ ರೇಡಿಯೋ ಕೇಳಲು, ಮನೆಯವರ ಫೋಟೋಗಳನ್ನು ಕೂಡಿಡಲು ಇಂಥದೊಂದು ಸಾಕು. ಹಗಲೂ ರಾತ್ರಿ ಓಡುವ ಈ ಯಂತ್ರಕ್ಕೆ ಯಾವ ಲಿನಕ್ಸ್ ಹಾಕಬೇಕು?

ಲಿನಕ್ಸ್ ಲೋಕದಲ್ಲಿ ‘ಸ್ಟೇಬಲ್’ ಎಂದರೆ ಪದೇ ಪದೇ ಬದಲಾಗದ್ದು ಎಂದರ್ಥ. ಡೆಬಿಯನ್‌ನ ಸ್ಟೇಬಲ್ ಆವೃತ್ತಿ ಸುಮಾರು ಎರಡು ವರ್ಷಕ್ಕೊಮ್ಮೆ ಬರುತ್ತದೆ. ನಡುವೆ ಬರುವುದು ಹೆಚ್ಚಾಗಿ ಭದ್ರತೆಯ ಮತ್ತು ದೋಷಗಳ ರಿಪೇರಿ ಮಾತ್ರ. 2025ರ ಆಗಸ್ಟ್‌ನಲ್ಲಿ ಬಂದ ಡೆಬಿಯನ್ 13ಕ್ಕೆ ಒಟ್ಟು ಐದು ವರ್ಷ ಈ ರಿಪೇರಿ ಸಿಗುತ್ತದೆ. ರಿಪೇರಿ ನಿಂತ ಕಂಪ್ಯೂಟರನ್ನು ಇಂಟರ್ನೆಟ್ಟಿಗೆ ಜೋಡಿಸಿಡುವುದೆಂದರೆ ಬಾಗಿಲು ತೆರೆದಿಟ್ಟು ಮಲಗಿದಂತೆ.

ಆದರೆ ಇಲ್ಲೊಂದು ತೊಡಕಿದೆ. ಸಾಮಾನ್ಯ ಪಿಸಿ ತನ್ನಲ್ಲಿ ಏನೇನಿದೆ ಎಂಬುದನ್ನು ತಾನೇ ಲಿನಕ್ಸ್‌ಗೆ ತಿಳಿಸುತ್ತದೆ. ಇಂಥ ಬಹುತೇಕ ಬೋರ್ಡುಗಳು ಹಾಗೆ ತಿಳಿಸುವುದಿಲ್ಲ. ಆ ವಿವರಪಟ್ಟಿಯನ್ನು, ಅಂದರೆ ‘ಡಿವೈಸ್ ಟ್ರೀ’ಯನ್ನು, ಮೊದಲೇ ಬರೆದಿಡಬೇಕು. ಹಾಗಾಗಿ ಒಂದು ಬೋರ್ಡಿನ ಲಿನಕ್ಸ್ ಇನ್ನೊಂದರಲ್ಲಿ ಶುರುವಾಗದೇ ಇರಬಹುದು. ಮೊದಲು ಬೋರ್ಡ್ ನೋಡಿ, ಆಮೇಲೆ ಲಿನಕ್ಸ್ ಆರಿಸಿ.

ರಾಸ್ಪ್‌ಬೆರಿ ಪೈ ಇದ್ದರೆ ರಾಸ್ಪ್‌ಬೆರಿ ಪೈ ಓಎಸ್ ನೇರ ದಾರಿ. ಇದು ಡೆಬಿಯನ್ ಮೇಲೆಯೇ ಕಟ್ಟಿದ್ದು. 2020ರವರೆಗೆ ಇದರ ಹೆಸರು ರಾಸ್ಪಿಯನ್. ಪರದೆ ಜೋಡಿಸದಿದ್ದರೆ ‘ಲೈಟ್’ ಆವೃತ್ತಿ ಸಾಕು. ಮೊದಲ ತಲೆಮಾರಿನ ಪೈ ಮತ್ತು ಮೊದಲ ಪೈ ಝೀರೋಗಳಿಗೆ ಇದರ 32 ಬಿಟ್ ಆವೃತ್ತಿಯೇ ಬೇಕು. ಪೈ 4, ಪೈ 5 ಇದ್ದವರು ಉಬುಂಟು 24.04 ಎಲ್‌ಟಿಎಸ್ ಕೂಡ ಹಾಕಬಹುದು. ಅದಕ್ಕೂ ಐದು ವರ್ಷದ ಬೆಂಬಲವಿದೆ.

ಆರೆಂಜ್ ಪೈ, ಬನಾನಾ ಪೈ ಮುಂತಾದವುಗಳಿಗೆ ಆರ್ಮ್ಬಿಯನ್ ಇದೆ. ಅದರ ಪಟ್ಟಿಯಲ್ಲಿ ನಿಮ್ಮ ಬೋರ್ಡಿನ ಮಾಡೆಲ್ ಹೆಸರು ಇದೆಯೇ, ಅದಕ್ಕೆ ಈಗಲೂ ಬೆಂಬಲ ಇದೆಯೇ ಎಂದು ಕೊಳ್ಳುವ ಮೊದಲೇ ನೋಡಿಕೊಳ್ಳಿ. ಅಗ್ಗಕ್ಕೆ ಸಿಕ್ಕ ಬೋರ್ಡಿಗೆ ಲಿನಕ್ಸ್ ಸಿಗದಿದ್ದರೆ ದುಡ್ಡು ದಂಡ.

ಕೊನೆಯದಾಗಿ, ಕರೆಂಟ್ ಹಠಾತ್ತನೆ ಹೋದರೆ ಎಸ್‌ಡಿ ಕಾರ್ಡಿನಲ್ಲಿರುವ ಫೈಲುಗಳು ಕೆಡಬಹುದು. ಎಷ್ಟೇ ಒಳ್ಳೆಯ ಲಿನಕ್ಸ್ ಇದ್ದರೂ ಇದು ತಪ್ಪದು. ಫೋಟೋಗಳ ಇನ್ನೊಂದು ಪ್ರತಿ ಬೇರೆ ಕಡೆ ಇರಲಿ.