ಅಳತೆಗೋಲನ್ನು ಒಪ್ಪದ ಕಲಾವಿದ: ಆಸ್ಕರ್ ಹೌ

ಒಂದು ಜನಾಂಗದ ಕಲೆ ಹೇಗಿರಬೇಕೆಂಬುದನ್ನು ನಿರ್ಣಯಿಸತಕ್ಕವರು ಯಾರು? ಅದನ್ನು ರಚಿಸುವವರೇ, ಇಲ್ಲವೇ ಅದಕ್ಕೆ ಬಹುಮಾನ ಕೊಡುವವರೇ? 1958ರಲ್ಲಿ ಈ ಪ್ರಶ್ನೆಯನ್ನು ನಿರ್ಭಯವಾಗಿ ಎತ್ತಿದವರು ಅಮೆರಿಕದ ಮೂಲನಿವಾಸಿ ಚಿತ್ರಕಾರ ಆಸ್ಕರ್ ಹೌ.

ಹೌ ಅವರು 1915ರಲ್ಲಿ ದಕ್ಷಿಣ ಡಕೋಟಾ ರಾಜ್ಯದ ಕ್ರೋ ಕ್ರೀಕ್ ಮೀಸಲು ಪ್ರದೇಶದಲ್ಲಿ, ಯಾಂಕ್ಟನೈ ಡಕೋಟಾ ಬುಡಕಟ್ಟಿನಲ್ಲಿ ಜನಿಸಿದರು. ಏಳನೆಯ ವಯಸ್ಸಿನಲ್ಲಿ ಅವರನ್ನು ಪಿಯರ್ ನಗರದ ಸರ್ಕಾರಿ ವಸತಿಶಾಲೆಗೆ ಸೇರಿಸಲಾಯಿತು. ಮನೆಮಾತನ್ನು ಆಡಿದ ಮಕ್ಕಳಿಗೆ ಅಲ್ಲಿ ಏಟು ಕಾದಿರುತ್ತಿತ್ತು. ಚರ್ಮರೋಗದ ಜೊತೆಗೆ, ಶುಚಿತ್ವದ ಅನುಕೂಲವಿಲ್ಲದೆ ಜನ ಕಿಕ್ಕಿರಿದಿರುವೆಡೆ ಹರಡುವ ಟ್ರಕೋಮಾ ಎಂಬ ನೇತ್ರರೋಗವೂ ತಗುಲಿ, ಬಾಲಕ ಮನೆಗೆ ಮರಳಬೇಕಾಯಿತು. ಅಲ್ಲಿ ಅಜ್ಜಿಯ ಬಾಯಿಂದ ಕೇಳಿದ ಡಕೋಟಾ ಕಥೆಗಳು ಅವರ ಕಲೆಗೆ ಮೂಲಧನವಾದವು.

1935ರಿಂದ 1938ರವರೆಗೆ ಅವರು ಸಾಂಟಾ ಫೇ ಇಂಡಿಯನ್ ಶಾಲೆಯಲ್ಲಿ ಡೊರೊತಿ ಡನ್ ಅವರ ಬಳಿ ಚಿತ್ರಕಲೆಯನ್ನು ಅಭ್ಯಾಸಮಾಡಿದರು. ಸ್ಪಷ್ಟವಾದ ಹೊರಗೆರೆ, ನೆರಳುಬೆಳಕಿಲ್ಲದ ಸಮತಟ್ಟು ಬಣ್ಣ, ಬುಡಕಟ್ಟಿನ ಜೀವನದ ದೃಶ್ಯ, ಇವು ಅಲ್ಲಿನ ಶೈಲಿಯ ಲಕ್ಷಣಗಳು. ಕಾಲಕ್ರಮದಲ್ಲಿ ಮೂಲನಿವಾಸಿಗಳ ಕಲೆಯನ್ನೆಲ್ಲ ಅಳೆಯಲು ಇದೇ ಅಳತೆಗೋಲಾಯಿತು. ಆದರೆ ಎರಡನೆಯ ಮಹಾಯುದ್ಧದಲ್ಲಿ ಸೈನಿಕರಾಗಿ ದುಡಿದು, ಬಳಿಕ ಉನ್ನತ ಶಿಕ್ಷಣ ಪಡೆದ ಹೌ ಅವರ ಕುಂಚ ಬೇರೆ ದಾರಿ ಹಿಡಿದಿತ್ತು. ಅವರ ನರ್ತಕರ ದೇಹಗಳು ಚೂಪಾದ ಕೋನಗಳಾಗಿ ಒಡೆದು, ಚಿತ್ರದ ತುಂಬ ಚಲನೆಯೇ ಆವರಿಸಿತು.

1958ರಲ್ಲಿ ಟಲ್ಸಾ ನಗರದ ಫಿಲ್‌ಬ್ರುಕ್ ಕಲಾಸಂಗ್ರಹಾಲಯದ ವಾರ್ಷಿಕ ಸ್ಪರ್ಧೆಯಲ್ಲಿ ಅವರ ಚಿತ್ರವೊಂದು ತಿರಸ್ಕೃತವಾಯಿತು. ಅದು ಸಾಂಪ್ರದಾಯಿಕ ಇಂಡಿಯನ್ ಶೈಲಿಯಲ್ಲಿಲ್ಲವೆಂಬುದೇ ಕಾರಣ. ಇದೇ ಸಂಸ್ಥೆ 1947ರಲ್ಲಿ ಅವರಿಗೆ ಬಹುಮಾನವನ್ನಿತ್ತು ಗೌರವಿಸಿತ್ತು. ಹೌ ಅವರು ಮೌನವಾಗಿ ಉಳಿಯಲಿಲ್ಲ. ಹಾಗೆ ಹೇಳುವವರಿಗೆ ಇಂಡಿಯನ್ ಕಲೆಯ ಅರಿವು ಸಾಲದೆಂದೂ, ಮೂಲನಿವಾಸಿ ಕಲಾವಿದನನ್ನು ಎಂದೆಂದಿಗೂ ಮಗುವಿನಂತೆ ಕಾಣುವುದು ಸಲ್ಲದೆಂದೂ ಪತ್ರ ಬರೆದು ಪ್ರತಿಭಟಿಸಿದರು. ಮರುವರ್ಷವೇ ಸ್ಪರ್ಧೆಯಲ್ಲಿ ಸಾಂಪ್ರದಾಯಿಕವಲ್ಲದ ಚಿತ್ರಗಳಿಗೆಂದು ಪ್ರತ್ಯೇಕ ವಿಭಾಗ ಏರ್ಪಟ್ಟಿತು. ಕಿರಿಯ ಕಲಾವಿದರಿಗೆ ಬಾಗಿಲು ತೆರೆಯಿತು.

ವಿಮರ್ಶಕರು ಅವರ ಚಿತ್ರಗಳಲ್ಲಿ ಐರೋಪ್ಯ ಕ್ಯೂಬಿಸಂ ಪಂಥದ ಛಾಯೆಯನ್ನು ಕಂಡರು. ಹೌ ಅವರು ಅದನ್ನು ಒಪ್ಪಲಿಲ್ಲ. ಬಿಂದುವಿನಿಂದ ಬಿಂದುವಿಗೆ ಸಾಗುವ ತಮ್ಮ ರೇಖೆಗಳಿಗೆ ಡಕೋಟಾ ಪರಂಪರೆಯ ಜೇಡರಬಲೆಯ ವಿನ್ಯಾಸವೇ ಆಧಾರವೆಂದು ವಿವರಿಸಿದರು.

1957ರಿಂದ 1980ರವರೆಗೆ ಅವರು ದಕ್ಷಿಣ ಡಕೋಟಾ ವಿಶ್ವವಿದ್ಯಾನಿಲಯದಲ್ಲಿ ಅಧ್ಯಾಪನ ನಡೆಸಿ, 1983ರಲ್ಲಿ ನಿಧನರಾದರು. 2022ರಲ್ಲಿ ನ್ಯೂಯಾರ್ಕಿನಲ್ಲಿ, ಅಮೆರಿಕನ್ ಇಂಡಿಯನ್ನರ ರಾಷ್ಟ್ರೀಯ ವಸ್ತುಸಂಗ್ರಹಾಲಯವು ಅವರ ಕೃತಿಗಳ ದೊಡ್ಡ ಪ್ರದರ್ಶನವನ್ನು ಏರ್ಪಡಿಸಿತು. ಪೂರ್ವಿಕರಿಂದ ಬಂದ ಆಸ್ತಿಯನ್ನು ಪೆಟ್ಟಿಗೆಯಲ್ಲಿಟ್ಟು ಕಾಯುವವನಿಗಿಂತ ಅದನ್ನು ದುಡಿಸಿ ಬೆಳೆಸುವವನೇ ನಿಜವಾದ ಉತ್ತರಾಧಿಕಾರಿ. ಹೌ ಅವರು ಅಂಥವರು.